ಹಳ್ಳದ ಈ ದಂಡೆಯ ಕಾಕಾ

"ಮನಿಷ್ಯಾ ಬಂಗಾರದಂಥಾಂವ. ಆದರ ಸಿಟ್ಟು ನೋಡ್ರಿ, ಭಾಳ ಕೆಟ್ಟ ಸಿಟ್ಟು. ಹಡೆದ ತಾಯಿ ಮ್ಯಾಲೆ ಅರ್ಧ ಆಯುಷ್ಯ ಸಿಟ್ಟು ಹಿಡದಾಂವ."

ಕಾಕಾ ತೀರಿಕೊಂಡ ಮೂರನೆಯ ದಿನ ಅವರ ಊರಿಗೆ ಹೋಗಿದ್ದೆ. ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನೆದುರೇ ಹೀಗೆಂದರು. ಸುತ್ತ ಕೂತವರು ಹೌದು ಹೌದೆಂದು ತಲೆಯಾಡಿಸಿದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕಾಕಾ ಸಿಟ್ಟಾದದ್ದನ್ನು ನಾನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ.

ಸೊಲ್ಲಾಪುರದ ನವಿ ಪೇಠದಲ್ಲಿ ನಮ್ಮದು ಬಟ್ಟೆಯ ಅಂಗಡಿ. ನಮ್ಮಜ್ಜನ ಕಾಲದಲ್ಲಿ ಕಂಬಳಿ ಗಂಟು ಹೊರಲು ಬಂದು ಸೇರಿದ ಕಾಕಾ, ನಾನು ಕಾಲೇಜು ಮುಗಿಸಿ ಗಾದಿಯ ಮೇಲೆ ಕೂತ ಎಪ್ಪತ್ತರ ದಶಕದ ಹೊತ್ತಿಗೆ ಅಂಗಡಿಯ ಅರ್ಧ ಜೀವವಾಗಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಊರಿನ ಹೆಸರನ್ನೂ ಬರೆಯುವುದಿಲ್ಲ. ಬೋರಾಮಣಿಯ ಆಚೆ, ಹುಲ್ಲುಗಾವಲು ದಾಟಿದ ಮೇಲೆ ಸಿಗುವ ಒಂದು ಕುರುಬರ ಊರು ಎಂದರೆ ಸಾಕು.

ಎತ್ತರದ ಮನುಷ್ಯ, ಬಿಳಿ ಧೋತರ, ತಲೆಗೆ ಕೆಂಪು ರುಮಾಲು. ಬಲಗೈ ಹೆಬ್ಬೆರಳು ಸದಾ ಹಳದಿ. ದಿನಾ ಬೆಳಿಗ್ಗೆ ಬೀರಪ್ಪನನ್ನು ನೆನೆದು ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಿಕೊಳ್ಳುತ್ತಿದ್ದುದರಿಂದ ಆ ಬಣ್ಣ ತೊಳೆದರೂ ಹೋಗುತ್ತಿರಲಿಲ್ಲ. ಮದುವೆಯ ಜವಳಿಗೆ ಬಂದ ಹೆಂಗಸರು ಇಡೀ ಅಂಗಡಿ ಕೆಳಗಿಳಿಸಿ, ಕೊನೆಗೆ ಒಂದು ಕುಪ್ಪಸದ ಕಣವನ್ನೂ ಕೊಳ್ಳದೆ ಎದ್ದು ಹೋಗುತ್ತಿದ್ದರು. ನಮ್ಮಪ್ಪ ಹಲ್ಲು ಕಡಿಯುತ್ತಿದ್ದರು. ಕಾಕಾ ಒಂದೊಂದೇ ಸೀರೆ ಮಡಚುತ್ತ, "ನೋಡಿದರ ಸೀರಿ ಸವಿತಾವೇನ್ರಿ ಮಾಲಕರ?" ಎನ್ನುತ್ತಿದ್ದರು. ನಿಮಗೆ ಸಿಟ್ಟೇ ಬರುವುದಿಲ್ಲವೇ ಎಂದು ನಾನೊಮ್ಮೆ ಕೇಳಿದೆ.

"ನನ್ನ ಪಾಲಿನ ಸಿಟ್ಟೆಲ್ಲಾ ಒಂದಽ ದಿನದಾಗ ಖರ್ಚು ಮಾಡೀನಿ, ತಮ್ಮಾ. ಈಗ ಬೇಕಂದರೂ ಉಳಿದಿಲ್ಲ."

ಆ ಒಂದು ದಿನದ ಕಥೆ ನನಗೆ ಗೊತ್ತಾದದ್ದು ರೈಲಿನಲ್ಲಿ. ಸರಕು ನೋಡಲು ಇಬ್ಬರೂ ಗುಲಬರ್ಗಕ್ಕೆ ಹೊರಟಿದ್ದೆವು. ಹೋಟಗಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಕಾಕಾ ಚಪ್ಪಲಿ ಬಿಟ್ಟು ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಚಹಾ ಬಂತು, ಇಳಿಯಲಿಲ್ಲ. ದುಧನಿ ದಾಟುವವರೆಗೆ ಅಲುಗಾಡಲಿಲ್ಲ. ಕಾಲು ಜೋಮು ಹಿಡಿದು ಮುಖ ಕಿವುಚಿದರೂ ಕೆಳಗಿಡಲಿಲ್ಲ. ಹೊಟ್ಟೆನೋವೇನೋ ಎಂದು ನಾನು ಗಾಬರಿಯಾದೆ. ದುಧನಿ ಹಿಂದೆ ಬಿದ್ದ ಮೇಲೆ ಕಾಲು ನೀಡಿ, ತೊಡೆ ತಿಕ್ಕಿಕೊಳ್ಳುತ್ತ, "ಸಂಸ್ಥಾನ ಮುಗೀತು," ಎಂದರು.

ಯಾವ ಸಂಸ್ಥಾನ? ಅಕ್ಕಲಕೋಟ ಸಂಸ್ಥಾನ ವಿಲೀನವಾಗಿ, ತಾಲೂಕಾಗಿ, ನಾನು ಹುಟ್ಟಿ, ಮೀಸೆ ಬಂದು ಕೂತಿದ್ದೆ. ನನ್ನ ನೋಟ ನೋಡಿ ಕಾಕಾ ತಾವೇ ಹೇಳಿದರು. "ನೀ ಪೇಠಿನಾಂವ, ನಿನಗ ನಮ್ಮ ರೀತಿ ಗೊತ್ತಿಲ್ಲ. ಅದಕ ಹೇಳತೀನಿ. ಇನ್ನೊಮ್ಮಿ ಕೇಳಬ್ಯಾಡ."

ಮೀಸೆ ಚಿಗುರುವ ವಯಸ್ಸಿನಲ್ಲಿ ಅವರು, ಆಗ ಅಕ್ಕಲಕೋಟ ಸಂಸ್ಥಾನದ ಅಂಚಿನಲ್ಲಿದ್ದ ತಮ್ಮ ಊರಿನ ಕುರಿಹಿಂಡಿನೊಂದಿಗೆ ಭೀಮಾ ನದಿಯ ಕಡೆ ಮೇವಿಗೆ ಹೋಗುತ್ತಿದ್ದರು. ದೀಪಾವಳಿ ಮುಗಿಸಿ ಹೋದರೆ ಮರಳುವುದು ಮುಂಗಾರಿನ ಮೊದಲ ಮಿರಗದ ಮಳೆಗೆ. ಒಂದು ವರ್ಷ ಹಾಗೆ ಮರಳಿ ಹಿಂಡನ್ನು ಹಟ್ಟಿಗೆ ಕೂಡಿದ ಸಂಜೆಯೇ, ಬೀರಪ್ಪನಿಗೆ ಬಿಟ್ಟ ಟಗರು ಕಾಣಿಸಲಿಲ್ಲ. ಅಪ್ಪ ನಾಲ್ಕು ಮಂದಿಯ ಮುಂದೆ, ದೇವರ ಟಗರನ್ನು ದಾರಿಯಲ್ಲಿ ಮಾರಿ ಬಂದಿದ್ದೀ ಎಂದುಬಿಟ್ಟರು. ಹುಡುಗನ ನೆತ್ತಿಗೆ ಬೆಂಕಿ ಬಿದ್ದಂತಾಯಿತು. ಗುಡಿಗೆ ಓಡಿ ಭಂಡಾರ ಎತ್ತಿ, "ಈ ಸಂಸ್ಥಾನದ ಸೀಮಿಯೊಳಗ ಇನ್ನ ಕಾಲಿಡೂದಿಲ್ಲ," ಎಂದು ಆಣೆ ಮಾಡಿ, ಮಳೆಯಲ್ಲೇ ಹಳ್ಳ ದಾಟಿ ಸೊಲ್ಲಾಪುರದ ದಾರಿ ಹಿಡಿದರು.

"ಟಗರು ಸಿಕ್ಕಿತೇ?"

"ಮರುದಿನ ತಾನಽ ಮನಿಗಿ ಬಂತಂತ. ಅದಕ್ಕೇನು ಆಣಿ ಇದ್ದಿಲ್ಲಲ್ಲ."

ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಬೀರಪ್ಪನ ಭಂಡಾರ ಎತ್ತಿ ಆಡಿದ ಮಾತನ್ನು ಅವರ ಪೈಕಿ ಯಾರೂ ಮುರಿಯುವುದಿಲ್ಲ. ಅಷ್ಟೇ ಅಲ್ಲ, ಭಂಡಾರ ಎತ್ತಿದವನ ಮುಂದೆ ಯಾರೂ ಆ ಮಾತು ತೆಗೆಯುವುದೂ ಇಲ್ಲ. ನೆನಪಿಸಿದರೆ ಮುರಿ ಎಂದು ಹೇಳಿದ ಹಾಗೆ, ಪಾಪ ನೆನಪಿಸಿದವರ ತಲೆಗೆ. ಹಾಗಾಗಿ ಅಪ್ಪ, ಅವ್ವ, ಅಣ್ಣ, ಊರವರು ಒಬ್ಬರೂ ಬಾ ಎನ್ನಲಿಲ್ಲ. ಅಪ್ಪ ಸತ್ತಾಗ ಕಾಕಾ ಗಡಿಯ ಹಳ್ಳದ ಈ ದಂಡೆಯಲ್ಲೇ ನಿಂತು, ಒಂದು ಹಿಡಿ ಮಣ್ಣನ್ನು ನೀರಿಗೆ ಹಾಕಿ ತಿರುಗಿ ಬಂದರಂತೆ. ಮದುವೆಯನ್ನೂ ಆಗಲಿಲ್ಲ. "ಮನಿದೇವರ ಮುಂದ ಅಕ್ಕಿಕಾಳು ಬೀಳಲಾರದ್ದು ಮದುವ್ಯಾ?" ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಖೋಲಿಯಲ್ಲೇ ಅವರ ಬದುಕು ಸರಿಯಿತು. ಒಂದೇ ಒಂದು ಆಸೆ ಉಳಿದಿತ್ತು: ಅವ್ವ ಇರುವಾಗ ಒಮ್ಮೆ ಆ ಮನೆಯ ಹೊಸ್ತಿಲು ದಾಟುವುದು. ಅದಾಗದೆಂದೂ ಅವರೇ ತೀರ್ಮಾನಿಸಿದ್ದರು.

ನವಿ ಪೇಠದ ಮಂದಿಗೆ ಇಂಥ ನೇಮಗಳಿಲ್ಲ. ಎಲ್ಲರೂ ಅವರನ್ನು ಕಾಡುವವರೇ. ನಮ್ಮಪ್ಪ ಮರಾಠಿಯಲ್ಲಿ, "ಅಹೋ, ಸಂಸ್ಥಾನ ಕಧೀಚ ಗೇಲಂ!" ಎಂದು ಕೈ ಎತ್ತಿ ಬೀಸುತ್ತಿದ್ದರು. ಸಂಸ್ಥಾನ ಹೋಗಿ ಎಷ್ಟು ಕಾಲವಾಯಿತು ಮಾರಾಯ ಎಂದರ್ಥ. ನಮ್ಮ ಕಡೆಯ ಗಡಿಗಳ ಹಣೆಬರಹವೇ ಹಾಗೆ. ಒಂದು ಕಾಲಕ್ಕೆ ಸೊಲ್ಲಾಪುರದ ಸುತ್ತಲಿನ ನೆಲ ತುಂಡುಬಟ್ಟೆಗಳ ಕೌದಿಯಂತಿತ್ತು. ಇಂಗ್ರೇಜಿ ಸರಕಾರದ ಹಳ್ಳಿ, ಅದಕ್ಕೆ ಹತ್ತಿ ಅಕ್ಕಲಕೋಟದ ಹಳ್ಳಿ, ನಡುವೆ ಇನ್ನಾವುದೋ ಸಣ್ಣ ಸಂಸ್ಥಾನದ ತುಂಡು, ಆಚೆ ನಿಜಾಮನ ಸೀಮೆ. ಒಂದೂರಿನ ಎಮ್ಮೆ ಇನ್ನೊಂದು ರಾಜ್ಯದಲ್ಲಿ ಮೇಯ್ದು ಬರುತ್ತಿತ್ತು. ಆಮೇಲೆ ಅಕ್ಕಲಕೋಟ ಜಿಲ್ಲೆಯೊಳಗೆ ಬಂತು, ಸೊಲ್ಲಾಪುರ ತಾಲೂಕು ಉತ್ತರ ದಕ್ಷಿಣ ಎಂದು ಎರಡಾಯಿತು. ಮುಂಬೈ ರಾಜ್ಯದಲ್ಲಿ ಹುಟ್ಟಿದ ನಾನು ಮನೆ ಬದಲಿಸದೆ ಮಹಾರಾಷ್ಟ್ರದವನಾದೆ. ಎಪ್ಪತ್ತರ ದಶಕದಲ್ಲಂತೂ ಅಂಗಡಿಯಲ್ಲಿ ದಿನಬೆಳಗಾದರೆ ಅದೇ ವಾದ. ಅಕ್ಕಲಕೋಟ ಕರ್ನಾಟಕಕ್ಕೆ ಹೋಗುತ್ತದೆ ಎಂದು ಒಬ್ಬ, ಸೊಲ್ಲಾಪುರವೂ ಹೋಗುತ್ತದೆ ಎಂದು ಇನ್ನೊಬ್ಬ, ಯಾವುದೂ ಎಲ್ಲಿಗೂ ಹೋಗುವುದಿಲ್ಲ ಎಂದು ಚಹಾ ತರುವವನು.

"ಕಾಕಾ, ನಾಳೆ ಅಕ್ಕಲಕೋಟ ಬೆಂಗಳೂರಿನವರ ಕೈಗೆ ಹೋದರೆ ನಿಮ್ಮ ಆಣಿ ಏನಾಗತೈತ್ರಿ?" ಎಂದು ನಾನು ಕೆಣಕಿದೆ.

"ನಾ ರಾಜಾನ ಮುಂದ ಆಣಿ ಮಾಡಿಲ್ಲ, ಬೀರಪ್ಪನ ಮುಂದ ಮಾಡೀನಿ. ರಾಜಾ ಹೋಗ್ಯಾನ. ಬೀರಪ್ಪ ಎಲ್ಲಿ ಹೋಗ್ಯಾನ? ಆ ದಿನ ಸಂಸ್ಥಾನದ ನೆಲ ಎಲ್ಲೀತನಕ ಇತ್ತೋ ನನ್ನ ಸೀಮಿ ಅಲ್ಲೀತನಕ."

"ಹಂಗಾದರ ರೈಲಿನಾಗಿನಂಗ ಗಾಡ್ಯಾಗ ಕಾಲು ಎತ್ತಿ ಕುಂತು ಮನಿಗಿ ಹೋಗಿ ಬರ್ರಿ."

"ಗಾಡ್ಯಾಗ ಹೋಗಿ, ಗಾಡ್ಯಾಗ ಕುಂತು ಉಂಡು, ಗಾಡ್ಯಾಗ ತಿರುಗಿ ಬರಾಕ ನಾ ಏನು ಹೆಣಾ?" ಎಂದು ನಕ್ಕರು.

ವರ್ಷಕ್ಕೊಮ್ಮೆ, ಎಳ್ಳಮಾಸಿಗೆ ಮಾತ್ರ ಅವರು ರಜೆ ಕೇಳುತ್ತಿದ್ದರು. ಆ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಅಡುಗೆಯ ತುತ್ತು ಎರಚಿ, ಆಮೇಲೆ ತಾವು ಉಣ್ಣುತ್ತಾರೆ. ಅವರ ಅವ್ವ ಬುಟ್ಟಿ ಹೊತ್ತು ಹಳ್ಳದ ತನಕ ಬರುತ್ತಿದ್ದಳು. ಹಳ್ಳವೇ ಹಳೆಯ ಗಡಿ. ಒಂದು ವರ್ಷ ನಾನೂ ಹಟಮಾಡಿ ಹೋದೆ. ಬೋರಾಮಣಿಯಲ್ಲಿ ಬಸ್ಸಿಳಿದು, ಒಣಹುಲ್ಲಿನಲ್ಲಿ ಕುರಿಗಳ ಜಾಡು ಹಿಡಿದು ನಡೆದೆವು. ಗಾಡಿದಾರಿ ಬೇರೆ ಇತ್ತು, ಕಾಕಾ ಅತ್ತ ಹೋಗಲಿಲ್ಲ. "ಕುರುಬರು ಗಾಡಿದಾರಿ ಹಿಡಿಯೂದಿಲ್ಲ. ಆ ದಾರ್‍ಯಾಗ ನಾಕಾ ಇರತಿತ್ತು, ಕುರಿಗೆಲ್ಲಾ ಜಕಾತಿ ಕೇಳತಿದ್ದರು. ನಾಕಾ ತಪ್ಪಿಸಿ ನಡಿಯೂದು ನಮಗ ಹುಟ್ಟುಗುಣ," ಎಂದು ವಿವರಿಸಿದರು. ಸುಂಕದ ಕಟ್ಟೆ ಹೋದರೂ ಕಾಲಿನ ಅಭ್ಯಾಸ ಹೋಗಿರಲಿಲ್ಲ.

ಆಚೆ ದಂಡೆಯಲ್ಲಿ ಸಣ್ಣಗೆ ಒಣಗಿದ ಮುದುಕಿ ನಿಂತಿದ್ದಳು. ಹಳ್ಳದ ನಡುವೆ ಒಂದು ಚಪ್ಪಟೆ ಕಲ್ಲು. ಅವಳು ಅಲ್ಲಿತನಕ ಬಂದು ಬುಟ್ಟಿ ಇಟ್ಟಳು. ಇವರು ಈ ಕಡೆಯಿಂದ ಅಲ್ಲಿತನಕ ಹೋಗಿ ಎತ್ತಿಕೊಂಡರು. ಸಜ್ಜಿರೊಟ್ಟಿ, ಭಜ್ಜಿಪಲ್ಯ, ಕಡುಬು, ಅಂಬಲಿ. ಆಕೆ ತನ್ನ ದಂಡೆಯ ಜೋಳಕ್ಕೆ ಚರಗ ಚೆಲ್ಲಿದಳು. ಆಮೇಲೆ ತಿರುಗಿ ನಿಂತು ಒಂದು ಹಿಡಿಯನ್ನು ಹಳ್ಳದಾಚೆ ಮಗನ ಕಾಲ ಬಳಿ ಎರಚಿದಳು. ಈ ದಂಡೆಯಲ್ಲಿ ಬೆಳೆಯೇ ಇರಲಿಲ್ಲ. ಇಬ್ಬರೂ ತಂತಮ್ಮ ದಂಡೆಯಲ್ಲಿ ಕೂತು ಉಂಡರು. ಎದುರಿಗೇ ಉಂಡವನನ್ನು, "ಉಂಡ್ಯಾ?" ಎಂದು ಕೇಳಿದಳು. "ಉಂಡೆವ್ವಾ," ಎಂದರು ಇವರು. ಇಡೀ ಮಧ್ಯಾಹ್ನ ಆಡಿದ್ದು ಅಷ್ಟೇ. ಹೊರಡುವಾಗ ಮುದುಕಿ ನನ್ನ ಕಡೆ ನೋಡಿ, "ಸಿಟ್ಟು ಭಾಳ ಕೆಟ್ಟದ್ದಪ್ಪಾ, ನೀ ಮಾಡಬ್ಯಾಡ," ಎಂದಳು. ಹಿರಿಯರು ಆಡುವ ಬುದ್ಧಿಮಾತು ಎಂದುಕೊಂಡು ತಲೆಯಾಡಿಸಿದೆ.

ಮುಂದಿನ ಬೇಸಿಗೆಯಲ್ಲಿ ಕಾಕಾನ ವೈನಿ, ಅಂದರೆ ಅಣ್ಣನ ಹೆಂಡತಿ, ಮೊಮ್ಮಗಳ ಮದುವೆಯ ಜವಳಿಗೆಂದು ಅಂಗಡಿಗೆ ಬಂದರು. ಬಾಯಿ ತುಂಬ ಮಾತಿನ ಹೆಂಗಸು, ಕಾಕಾ ಊರು ಬಿಟ್ಟ ಮರುವರ್ಷ ಆ ಮನೆಗೆ ಸೊಸೆಯಾಗಿ ಬಂದವರು. ಕಾಕಾ ಸೀರೆ ತೋರಿಸುತ್ತಿದ್ದರು. ಆಕೆ ನಮ್ಮಪ್ಪನಿಗೆ ತಮ್ಮ ಮದುವೆಯ ಕಥೆ ಹೇಳುತ್ತಿದ್ದರು.

"ಈಗಿನ ದಿಬ್ಬಣ ಏನ್ರಿ, ಟ್ರಕ್ಕಿನ್ಯಾಗ ಬಂದು ಇಳೀತಾವ. ನಮ್ಮ ದಿಬ್ಬಣ ಮೈಂದರ್ಗಿ ಕಡಿಂದ ಗಾಡಿ ಕಟಗೊಂಡು ಬಂತು. ಸಂಸ್ಥಾನ ಮುಗಿಯೂ ಜಾಗಾದಾಗ ನಾಕೇದಾರ ಅಡ್ಡ ನಿಂತ. ಹೊಸಾ ಹಿತ್ತಾಳಿ ಭಾಂಡಿ ಸಂಸ್ಥಾನದ ಹೊರಗ ಹೊಂಟಾವ, ಜಕಾತಿ ಕೊಡ್ರಿ ಅಂದ. ನಾ ಗಾಡ್ಯಾಗ ಅಳಕೋತ ಕುಂತೀನಿ. ಕಣ್ಣಮುಂದ ನಮ್ಮ ಮನಿಯವರ ಊರು ಕಾಣಾಕತ್ತೈತಿ, ಬೀರಪ್ಪನ ಗುಡಿ ಕಾಣಾಕತ್ತೈತಿ, ಹೋಗಾಕ ಬಿಡವಲ್ಲ!"

ಕಾಕಾನ ಕೈ ನಿಂತಿತು. "ಎಲ್ಲಿ ನಾಕಾ, ವೈನಿ?"

"ಊರ ಮೂಡಲಕ್ರಿ. ಹುಣಸಿಗಿಡದ ಹಂತ್ಯಾಕ."

"ಹುಣಸಿಗಿಡ ಊರ ಆಚಿಗೈತಿ. ನಾಕಾ ಈಚಿಗೆ, ಹಳ್ಳದ ಮ್ಯಾಲೆ."

"ಅದು ಮೊದಲಿನ ಮಾತು ಭಾವಜಿ. ನೀವು ಕುರಿ ತಗೊಂಡು ಭೀಮಾ ಕಡಿ ಹೋಗಿದ್ರಲ್ಲ, ಆ ಬ್ಯಾಸಿಗ್ಯಾಗ ನಾಕಾ ಎತ್ತಿ ಆಚಿಗೆ ಇಟ್ಟರಂತ. ನಮ್ಮೂರು ಸಂಸ್ಥಾನ ಬಿಟ್ಟು ಸೊಲ್ಲಾಪುರ ಜಿಲ್ಲಾಕ್ಕ ಬಂತು. ಬದಲಿಗೆ ಬ್ಯಾರೆ ಯಾವುದೋ ಹಳ್ಳಿ ಆ ಕಡಿ ಹೋತು. ಅತ್ತಿ ಹೇಳತಿರತಾರ. ನೀವು ತಿರುಗಿ ಬರೂದ್ರಾಗ ಎಲ್ಲಾ ಆಗಿತ್ತಲ್ಲ."

ಹೊರಗೆ ಟಾಂಗಾದವನು ಗಿರಾಕಿಯೊಂದಿಗೆ ಜಗಳಾಡುತ್ತಿದ್ದ. ನಮ್ಮಪ್ಪ ಬಾಯಿಗೆ ಹೋಗಬೇಕಾದ ಎಲೆಯನ್ನು ಕೈಯಲ್ಲೇ ಹಿಡಿದಿದ್ದರು. ನಾನು ಮನಸ್ಸಿನಲ್ಲೇ ಹಿಂದೆ ಮುಂದೆ ಓಡಾಡಿ ಲೆಕ್ಕ ಕೂಡಿಸಿದೆ. ಹಿಂಡು ಹುಲ್ಲುಗಾವಲಿನಿಂದ, ನಾಕಾ ತಪ್ಪಿಸಿಯೇ ಊರಿಗೆ ಬಂದಿತ್ತು. ಬಂದ ಸಂಜೆಯೇ ಆಣೆ. ಸಿಟ್ಟಿನಲ್ಲಿ ಮಳೆಯಲ್ಲಿ ಹೋದದ್ದೂ ನಾಕಾ ತಪ್ಪಿಸುವ ಕಾಲುದಾರಿಯಲ್ಲೇ. ಆಣೆ ಮಾಡಿದ ಆ ಗಳಿಗೆಗೆ ಆ ಊರು ಸಂಸ್ಥಾನದಲ್ಲಿ ಇರಲೇ ಇಲ್ಲ. ಬೀರಪ್ಪನ ಗುಡಿಯೇ ಸೀಮೆಯ ಹೊರಗಿತ್ತು! ಯಾವ ಗಡಿಯೂ ಇಲ್ಲದ ಹಳ್ಳದ ದಂಡೆಯಲ್ಲಿ ಈ ಮನುಷ್ಯ ಇಡೀ ಯೌವನ ನಿಂತುಬಿಟ್ಟಿದ್ದ.

"ಮತ್ತ ಅವ್ವ," ಎಂದರು ಕಾಕಾ. "ನಾ ಯಾಕ ಬರೂದಿಲ್ಲ ಅಂತ ತಿಳಿದಾಳ ಅವ್ವ?"

ಮಾತು ಎಲ್ಲಿಗೆ ಬಂತೆಂದು ವೈನಿಗೆ ಆಗ ಹೊಳೆಯಿತು. ಸೆರಗು ಬಾಯಿಗೆ ಹೋಯಿತು. ಆಣೆಯ ಮಾತು ಎತ್ತಿದ ಪಾಪ ತನ್ನ ತಲೆಗೆ ಬಂತೆಂದು ಹೆದರಿದ್ದರು. ನಮ್ಮಪ್ಪ, "ಹೇಳ್ರಿ ಅವ್ವಾ, ಹೇಳ್ರಿ," ಎಂದ ಮೇಲೆ ನೆಲ ನೋಡುತ್ತ ಹೇಳಿದರು:

"ಸಿಟ್ಟು ಅಂತ. ಊರಿಗೆ ಊರಽ ಹಂಗ ಅಂತೈತ್ರಿ. ಆಣಿ ಸಂಸ್ಥಾನಕ್ಕ ಹತ್ತೂದು, ನಮ್ಮೂರಿಗಿ ಹತ್ತೂದಿಲ್ಲ. ಆದರೂ ಬರವಲ್ಲಂದರ ಮನಿಮಂದಿ ಮ್ಯಾಲಿನ ಸಿಟ್ಟು ಇಳಿದಿಲ್ಲ, ಹಳ್ಳದ ತನಕ ಬಂದು ಹಳ್ಳ ದಾಟಲಾರದಷ್ಟು ಸಿಟ್ಟು ಅಂತ. ನಿಮಗ ಗೊತ್ತಿಲ್ಲಂತ ಯಾರಿಗಿ ಗೊತ್ತಿತ್ರಿ ಭಾವಜಿ?"

ಕಾಕಾ ಅರ್ಧ ಬಿಚ್ಚಿದ್ದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಪೂರ್ತಿ ಮಡಚಿದರು. ಬಟ್ಟೆ ಅಳೆಯುವ ಗಜವನ್ನು ಗಾದಿಯ ಮೇಲಿಟ್ಟು, "ಮಾಲಕರ, ನಾಳೆ ನಾ ಬರೂದಿಲ್ಲ," ಎಂದರು. ಅವರೊಬ್ಬರನ್ನೇ ಬಿಡಬೇಡ ಎಂದು ನಮ್ಮಪ್ಪ ನನಗೆ ಕಣ್ಣಿನಲ್ಲೇ ಹೇಳಿದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋದಾಗ ಬೇಸಿಗೆಗೆ ಹಳ್ಳ ಒಣಗಿತ್ತು. ಕಾಕಾ ಚಪ್ಪಲಿ ಕೈಗೆ ತೆಗೆದುಕೊಂಡು ಚಪ್ಪಟೆ ಕಲ್ಲಿನ ತನಕ ಬಂದು ನಿಂತರು. ಅಲ್ಲಿಂದ ಮುಂದೆ ಅವರ ಕಾಲು ಏಳಲಿಲ್ಲ. ನಾನು ಕೈ ಹಿಡಿದೆ. ದಾಟಿದೆವು. ಊರೊಳಗೆ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು, ಯಾರೋ ಓಡಿದರು, ಯಾರೂ ಮಾತಾಡಿಸಲಿಲ್ಲ. ಕಾಕಾ ದಾರಿ ಕೇಳದೆ ಎರಡು ಸಂದಿ ತಿರುಗಿ ಒಂದು ಮನೆಯ ಮುಂದೆ ನಿಂತರು.

ಮುದುಕಿ ಹೊಸ್ತಿಲ ಒಳಗೆ ಕೂತು ಉಣ್ಣೆ ನೂಲುತ್ತಿದ್ದಳು. ಅಣ್ಣ ಹಿಂಡಿನೊಂದಿಗೆ ಭೀಮಾ ಕಡೆ ಹೋಗಿದ್ದ. ವೈನಿ ಒಳಗಿನಿಂದ ಬಂದು ಕಂಬ ಹಿಡಿದು ನಿಂತರು. ಮುದುಕಿ ಕತ್ತೆತ್ತಿ ನೋಡಿದಳು. ನೂಲು ಹರಿಯದಂತೆ ಮೆಲ್ಲಗೆ ಕೆಳಗಿಟ್ಟು ಕೇಳಿದಳು:

"ಸಿಟ್ಟು ಇಳೀತೇನಪ್ಪಾ?"

ನನ್ನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು. ಸಿಟ್ಟಲ್ಲವ್ವಾ, ಯಾರೂ ಹೇಳಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ ಎಂದು ಕಿರುಚಬೇಕೆನಿಸಿತು. ವೈನಿಯೂ, "ಅತ್ತಿ, ಭಾವಜಿಗಿ..." ಎಂದು ಶುರುಮಾಡಿದರು. ಕಾಕಾ ಆಕೆಯ ಕಡೆ ಕೈಯೆತ್ತಿ, "ವೈನಿ, ನೀರು ಕೊಡ್ರಿ," ಎಂದರು. ಆಮೇಲೆ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು, ಒಳಗೆ ಕಾಲಿಟ್ಟು, ಅವಳ ಮುಂದೆ ನೆಲಕ್ಕೆ ಕೂತರು.

"ಇಳೀತವ್ವಾ," ಎಂದರು.

"ಭಾಳ ದಿನ ಹಿಡಿದಿ ನೋಡು," ಎಂದು ಮುದುಕಿ ಅವರ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಆಮೇಲೆ ಅದೇ ಕೈಯಿಂದ ಬೆನ್ನು ಸವರತೊಡಗಿದಳು, ಬಹಳ ಹೊತ್ತು ಸವರುತ್ತಲೇ ಇದ್ದಳು.

ತಿರುಗಿ ಬರುವಾಗ ಹಳ್ಳದಲ್ಲಿ ನಾನು ತಡೆಯಲಾರದೆ ರೇಗಿದೆ. ಯಾಕೆ ಸುಳ್ಳು ಹೇಳಿದಿರಿ, ಆ ಸಿಟ್ಟಿನ ಹೆಸರನ್ನು ಯಾಕೆ ಹೊತ್ತುಕೊಂಡಿರಿ ಎಂದು ಕೇಳಿದೆ. ಕಾಕಾ ಚಪ್ಪಟೆ ಕಲ್ಲಿನ ಮೇಲೆ ಕೂತರು.

"ತಮ್ಮಾ, ಸಿಟ್ಟು ಅಂದರ ತಪ್ಪು ನಂದು. ಗೊತ್ತಿದ್ದಿಲ್ಲ ಅಂದರ ತಪ್ಪು ಯಾರದು ಹೇಳು? ವರ್ಷಾ ಇಲ್ಲೇ ಬಂದು ನಿಂತಾಕಿ, ಊರು ಸಂಸ್ಥಾನದಾಗ ಇಲ್ಲೋ ಅಂತ ಒಂದು ಮಾತು ಅಂದಿದ್ದರ ಮಗ ಅವತ್ತಽ ಮನಿಗಿ ಬರತಿದ್ದ. ಅದು ಆಕಿಗಿ ತಿಳಿದರ, ಇನ್ನ ಎಷ್ಟು ದಿನಾ ಇರತಾಳೋ ಏನೋ, ಒಂದು ರಾತ್ರಿನಾದರೂ ಕಣ್ಣು ಮುಚ್ಚ್ಯಾಳ? ಊರಾಗ ಯಾರಿಗೂ ಹೇಳಬ್ಯಾಡ. ಊರಿಗೆ ಊರಽ ಆ ಮಾತು ನುಂಗೇತಿ. ಯಾರ ಎದಿ ಮ್ಯಾಲೂ ಹಾಕಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವತ್ತಿನಷ್ಟು ನಾನು ಎಂದೂ ದಂಗಾದವನಲ್ಲ. ಹಿಂದಿನ ದಿನ ಅಂಗಡಿಯಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ.

ಮುದುಕಿ ಆಮೇಲೂ ಕೆಲವು ಎಳ್ಳಮಾಸಿ ನೋಡಿದಳು. ಹೊಲದಲ್ಲಿ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಬಂದವರಿಗೆಲ್ಲ, "ಇವನ ಸಿಟ್ಟು ಇವರಪ್ಪನಕಿಂತ ಕೆಟ್ಟದ್ದು," ಎಂದು ಹೇಳಿ ನಗುತ್ತಿದ್ದಳು. ಕಾಕಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಅವಳನ್ನು ಹೊರುವಾಗ ಮುಂದೆ ಹೆಗಲು ಕೊಟ್ಟವರೂ ಅವರೇ. ಗುಲಬರ್ಗದ ರೈಲಿನಲ್ಲಿ ಮಾತ್ರ ಕೊನೆಯವರೆಗೂ ಕಾಲು ಮೇಲೆತ್ತಿಯೇ ಕೂತರು. ಇನ್ನೂ ಯಾಕ್ರಿ ಎಂದರೆ, "ಊರು ಹೊರಗಾತು, ಆಣಿ ಹೊರಗಾಗಿಲ್ಲಲ್ಲ," ಎನ್ನುತ್ತಿದ್ದರು.

ಹಾಗಾಗಿ ಅಗಸಿಯ ಕಟ್ಟೆಯ ಮೇಲೆ ಆ ಹಿರಿಯರು ಆ ಮಾತಾಡಿದಾಗ, ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. ವೈನಿ ದೂರ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೌದ್ರಿ," ಎಂದೆ. "ಭಾಳ ಸಿಟ್ಟಿನ ಮನಿಷ್ಯಾ."

ಇದನ್ನು ಬರೆದದ್ದರಿಂದ ಕಾಕಾನಿಗೆ ಕೊಟ್ಟ ಮಾತು ಮುರಿಯಿತಲ್ಲ ಎನ್ನಬಹುದು. ಮುರಿದಿಲ್ಲ. ಆ ಊರಿನಲ್ಲಿ ಮನೆಮಾತು ಇವತ್ತಿಗೂ ಕನ್ನಡ, ಬೀರಪ್ಪನ ಹಾಡೂ ಕನ್ನಡ. ಆದರೆ ಶಾಲೆ ಮರಾಠಿ. ಬಸ್ಸಿನ ಬೋರ್ಡು, ಪೇಪರು, ಲಗ್ನಪತ್ರಿಕೆ ಎಲ್ಲ ಮರಾಠಿ. ಅಲ್ಲಿ ಇದನ್ನು ಓದಬಲ್ಲವರು ಈಗ ಒಬ್ಬರೂ ಉಳಿದಿಲ್ಲ. ಆ ಧೈರ್ಯದ ಮೇಲೆಯೇ ಬರೆದಿದ್ದೇನೆ.